ಬಲ್ಬ್ ಸುಟ್ಟರೆ ಕರೆಂಟಿನ ಮೇಲೆ ಹಾಕಬೇಡಿ

ವರ್ಷದೊಳಗೆ ಬಲ್ಬ್ ಹೋದರೆ ನಮ್ಮೂರುಗಳಲ್ಲಿ ಎರಡು ಮಾತು ಕೇಳುತ್ತೇವೆ. ಒಂದು, "ಈ ಎಲ್‌ಇಡಿಗಳ ಹಣೆಬರಹವೇ ಇಷ್ಟು." ಇನ್ನೊಂದು, "ನಮ್ಮೂರ ಕರೆಂಟೇ ಸರಿಯಿಲ್ಲ." ಬಲ್ಬ್ ಮಾಡಿದವರಿಗೆ ಎರಡೂ ಬಲು ಇಷ್ಟದ ಮಾತು. ಯಾಕೆಂದರೆ ಎರಡರಲ್ಲೂ ಅವರ ತಪ್ಪಿಲ್ಲ! ನಾವು ಇದನ್ನು ಒಪ್ಪುವುದಿಲ್ಲ. ಕಾರಣ ಬಲ್ಬಿನ ಒಳಗೇ ಇದೆ.

ಬಲ್ಬಿನ ಬಿಳಿ ಬುರುಡೆಯ ಕೆಳಗೆ ಹಳದಿ ಚುಕ್ಕೆಗಳಿರುತ್ತವೆ. ಅವೇ ನಿಜವಾದ ಎಲ್‌ಇಡಿಗಳು. ಒಂದೊಂದರ ಒಳಗೂ ಎಳ್ಳಿಗಿಂತ ಸಣ್ಣ ಚಿಪ್ ಇದೆ. ನೀಲಮಣಿ ಜಾತಿಯ ಹರಳಿನ ತೆಳು ಬಿಲ್ಲೆಯ ಮೇಲೆ, ಸುಮಾರು 1000 ಡಿಗ್ರಿ ಕಾವಿನಲ್ಲಿ, ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವನ್ನು ಪದರ ಪದರವಾಗಿ ಬೆಳೆಸುತ್ತಾರೆ. ಆ ಬಿಲ್ಲೆಯನ್ನು ಸಾವಿರಾರು ಚೂರು ಮಾಡುತ್ತಾರೆ. ಪ್ರತಿ ಚೂರನ್ನೂ ಪುಟ್ಟ ಅಚ್ಚಿನೊಳಗೆ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿ ಜೋಡಿಸುತ್ತಾರೆ. ಚಿಪ್ ಕೊಡುವುದು ನೀಲಿ ಬೆಳಕು. ಅದರ ಮೇಲೆ ಹಳದಿ ಪುಡಿ ಬೆರೆಸಿದ ಸಿಲಿಕೋನ್ ಸುರಿದರೆ ಬೆಳಕು ಬಿಳಿಯಾಗಿ ಕಾಣುತ್ತದೆ. ಈ ನೀಲಿ ಬೆಳಕನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು.

ಕೊನೆಗೆ ಯಂತ್ರ ಒಂದೊಂದನ್ನೂ ಉರಿಸಿ ನೋಡಿ, ಬೆಳಕು, ಬಣ್ಣ, ವೋಲ್ಟೇಜ್ ಪ್ರಕಾರ ವಿಂಗಡಿಸುತ್ತದೆ. ನಾವು ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡುವ ಹಾಗೆ. ಒಳ್ಳೆಯದಕ್ಕೆ ಒಳ್ಳೆ ರೇಟು, ಉಳಿದದ್ದಕ್ಕೆ ಕಡಿಮೆ ರೇಟು.

ಇಷ್ಟು ಜೋಪಾನವಾಗಿ ಮಾಡಿದ ಚಿಪ್ ವರ್ಷಕ್ಕೇ ಹೋಗುವಂಥದ್ದಲ್ಲ. ಡಬ್ಬಿಯ ಮೇಲೆ 25,000 ಗಂಟೆ ಅಂತ ಇದ್ದರೆ, ದಿನಕ್ಕೆ 5 ಗಂಟೆ ಉರಿಸಿದರೂ 13 ವರ್ಷ ದಾಟಬೇಕು. ಹಾಗಾದರೆ ಬಲ್ಬ್ ಹೋಗುವುದು ಹೇಗೆ?

ಕಾಸು ಉಳಿಸಲು ಹೋಗುವುದರಿಂದ. 10 ಚುಕ್ಕೆ ಹಾಕುವಲ್ಲಿ 6 ಹಾಕಿ, ಅವುಗಳಿಂದಲೇ ಹೆಚ್ಚು ಕರೆಂಟ್ ಹಾಯಿಸುತ್ತಾರೆ. ಒಂದೇ ಎತ್ತಿಗೆ ಎರಡೆತ್ತಿನ ನೊಗ ಹೊರಿಸಿದ ಹಾಗೆ. ಚುಕ್ಕೆಗಳು ಕಾಯುತ್ತವೆ. ಆ ಬಿಸಿಯನ್ನು ಹೊರಗೆ ಕಳಿಸಬೇಕಾದ ಅಲ್ಯೂಮಿನಿಯಂ ತಗಡನ್ನೂ ತೆಳು ಮಾಡುತ್ತಾರೆ. ಸಾಮಾನ್ಯವಾಗಿ ಚುಕ್ಕೆಗಳು ಒಂದೇ ಸಾಲಿನ ಸರಪಳಿಯಲ್ಲಿರುತ್ತವೆ, ಒಂದು ಹೋದರೆ ಇಡೀ ಬಲ್ಬ್ ಹೋಯಿತು. ಕೆಟ್ಟ ಬಲ್ಬಿನಲ್ಲಿ ಕಾಣುವ ಕಪ್ಪು ಮಚ್ಚೆ ಅದೇ. ಇನ್ನು ಡ್ರೈವರ್ ಸರ್ಕ್ಯೂಟಿನ ಕೆಪಾಸಿಟರ್ ಇದೆ. 10 ಡಿಗ್ರಿ ಬಿಸಿ ಹೆಚ್ಚಾದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಕರೆಂಟ್ ಏರಿಳಿತ ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಹಳ್ಳಿಗಳಲ್ಲಿ ವೋಲ್ಟೇಜ್ ಕುಣಿಯುತ್ತದೆ ಅನ್ನುವುದು ಬಲ್ಬ್ ಮಾಡುವವರಿಗೆ ಹೊಸ ಸುದ್ದಿಯೇ? ಅದನ್ನು ತಡೆಯುವ ಬಿಡಿಭಾಗಗಳು ಇವೆ. ಹಾಕಿದರೆ ತಡೆಯುತ್ತವೆ. ಹಾಕದೆ ನಮ್ಮೂರ ಟಿಸಿ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ.

"ಕಡಿಮೆ ರೇಟಿಗೆ ಇನ್ನೇನು ಬರುತ್ತೆ?" ಅನ್ನಬಹುದು. ಬೆಲೆ ಇಳಿದದ್ದಕ್ಕೆ ನಮ್ಮ ತಕರಾರಿಲ್ಲ. ಸರ್ಕಾರ ಸಗಟಾಗಿ ಕೊಂಡ ಬಲ್ಬಿನ ದರ 2014ರಲ್ಲಿ 310 ರೂಪಾಯಿ ಇದ್ದದ್ದು 2016ಕ್ಕೆ 38ಕ್ಕೆ ಬಂತು. ಅದರಿಂದಲೇ ಬಡವರ ಮನೆಗೂ ಎಲ್‌ಇಡಿ ಬಂತು. ಆದರೆ 60 ರೂಪಾಯಿಯ ಬಲ್ಬನ್ನು ಮೂರು ಸಲ ಕೊಂಡವರು ಕೊಟ್ಟದ್ದು 180 ರೂಪಾಯಿ. ಇದು ಅಗ್ಗವೇ?

ಕೇಳಿದವರಿಗೆ ಒಳ್ಳೆಯದು ಸಿಗುತ್ತದೆ ಅನ್ನುವುದಕ್ಕೆ ಸಾಕ್ಷಿ ದುಬೈ. ಅಲ್ಲಿನ ನಗರಾಡಳಿತ ಫಿಲಿಪ್ಸ್ ಕಂಪನಿಯ ಜೊತೆ ಸೇರಿ 2016ರಲ್ಲಿ ಒಂದು ಬಲ್ಬ್ ತಂದಿತು. ಉಪಾಯ ಸರಳ: ಎಲ್‌ಇಡಿ ಹೆಚ್ಚು ಹಾಕು, ಒಂದೊಂದಕ್ಕೂ ಕರೆಂಟ್ ಕಡಿಮೆ ಕೊಡು. ಬಿಸಿ ಕಡಿಮೆ, ಬೆಳಕು ಹೆಚ್ಚು, ಪ್ರತಿ ವ್ಯಾಟ್‌ಗೆ 200 ಲ್ಯೂಮೆನ್. ಅಂದರೆ ವಿದ್ಯೆ ಇದೆ, ಕೇಳುವವರು ಬೇಕು.

ನಮ್ಮ ಗ್ರಾಮ ಪಂಚಾಯಿತಿಗಳು ಏನು ಕೇಳುತ್ತಿವೆ? ಬೀದಿದೀಪದ ಟೆಂಡರಿನಲ್ಲಿ ಎಲ್ಲಕ್ಕಿಂತ ಕಡಿಮೆ ರೇಟು ಯಾರದ್ದು ಅಂತ ಮಾತ್ರ ನೋಡಿದರೆ, ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಊರು ಕತ್ತಲು. ಮತ್ತೆ ಟೆಂಡರು, ಮತ್ತೆ ಬಿಲ್ಲು. ದುಡ್ಡು ನಮ್ಮದೇ.

ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಮೂರು ಪ್ರಶ್ನೆ ಕೇಳಿ. ಕೊಂಡ ದೀಪಕ್ಕೆ ಎಷ್ಟು ವರ್ಷದ ಗ್ಯಾರಂಟಿ, ಬರಹದಲ್ಲಿ ಇದೆಯೇ? ವೋಲ್ಟೇಜ್ ಏರಿದರೆ ತಡೆಯುವ ರಕ್ಷಣೆ ಟೆಂಡರಿನಲ್ಲಿ ಕೇಳಿದ್ದೀರಾ? ಗ್ಯಾರಂಟಿಯೊಳಗೆ ಕೆಟ್ಟ ದೀಪಗಳಲ್ಲಿ ಎಷ್ಟನ್ನು ಬದಲಾಯಿಸಿಕೊಂಡಿದ್ದೀರಿ?

ಮನೆಗೆ ಬಲ್ಬ್ ತರುವಾಗಲೂ ಬಿಲ್ ಇಲ್ಲದೆ ತರಬೇಡಿ. ಡಬ್ಬಿಯ ಮೇಲೆ "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಗ್ಯಾರಂಟಿಯೊಳಗೆ ಬಲ್ಬ್ ಹೋದರೆ ತಿಪ್ಪೆಗೆ ಎಸೆಯಬೇಡಿ, ಬಿಲ್ ಸಮೇತ ಅಂಗಡಿಗೆ ಹೋಗಿ ಬೇರೆ ಬಲ್ಬ್ ಕೇಳಿ.