ವಿಡಿಯೋ ಆಟ: ಕಥಾಗಾಂಭೀರ್ಯವೂ ಜನರಂಜನೆಯೂ

‘ರಂಜನೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮುಖ ಸಿಂಡರಿಸುವುದು ವಿದ್ವದ್ವರ್ಗದ ಹಳೆಯ ಅಭ್ಯಾಸ. ವಿಡಿಯೋ ಆಟಗಳ ವಿಷಯದಲ್ಲಂತೂ ಈ ತಿರಸ್ಕಾರಕ್ಕೆ ಮಿತಿಯೇ ಇಲ್ಲ. ಬಂದೂಕಿನ ಸದ್ದು, ಕಾರುಗಳ ಓಟ, ಇವುಗಳಾಚೆಗೆ ಅಲ್ಲಿ ಏನಿದ್ದೀತೆಂಬುದು ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿಬರುವ ಪ್ರಶ್ನೆ. ಆಟಗಳನ್ನು ನಿರ್ಮಿಸುವವರಲ್ಲಿಯೂ ಇದಕ್ಕೆ ಜೋಡಿಯಾದ ನಂಬಿಕೆಯೊಂದುಂಟು: ಕಥೆ ಆಳವಾದಷ್ಟೂ ಆಡುವವರು ಕಡಮೆಯಾಗುವರು, ಆದುದರಿಂದ ಲಕ್ಷಾಂತರ ಜನರನ್ನು ಬಯಸುವವನು ಕಥೆಯನ್ನು ತೆಳುಗೊಳಿಸತಕ್ಕದ್ದು. ಇವೆರಡೂ ಪರೀಕ್ಷೆಗೆ ನಿಲ್ಲುವ ನಂಬಿಕೆಗಳಲ್ಲ.

ಎಸ್ಟೋನಿಯಾ ದೇಶದ ರಾಬರ್ಟ್ ಕುರ್ವಿಟ್ಸ್ ೨೦೧೩ರಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದನು. ಕೊಂಡು ಓದಿದವರು ಅತ್ಯಲ್ಪ. ಅದೇ ಕಲ್ಪಿತ ಜಗತ್ತನ್ನಾಧರಿಸಿ ಆತನೂ ಆತನ ಸಂಗಡಿಗರೂ ೨೦೧೯ರಲ್ಲಿ ‘ಡಿಸ್ಕೋ ಎಲಿಸಿಯಮ್’ ಎಂಬ ಆಟವನ್ನು ಹೊರತಂದರು. ಕುಡಿತದಿಂದ ತನ್ನ ಹೆಸರನ್ನೇ ಮರೆತ ಪತ್ತೇದಾರನು ಮರದಲ್ಲಿ ತೂಗುತ್ತಿರುವ ಶವವೊಂದರ ರಹಸ್ಯವನ್ನು ಭೇದಿಸಬೇಕು. ಆಟವೆಲ್ಲ ಬಹುಮಟ್ಟಿಗೆ ಸಂಭಾಷಣೆಯೇ. ತರ್ಕ, ಅನುಕಂಪ, ಅಧಿಕಾರದ ದರ್ಪ ಮೊದಲಾದ ಅವನ ಇಪ್ಪತ್ತನಾಲ್ಕು ಶಕ್ತಿಗಳು ಒಳಗಿನಿಂದ ಒಂದನ್ನೊಂದು ಮೀರಿ ಮಾತನಾಡುತ್ತವೆ. ನಂಬಿ ಕಿವಿಗೊಟ್ಟ ದನಿಯೇ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಅಂತರಂಗದ ಈ ಕಲಹವನ್ನು ಕಾದಂಬರಿಯ ಓದುಗನು ನೋಡುತ್ತಾನೆ. ಆಟಗಾರನಾದರೋ ಅದರೊಳಗೆ ನಿಂತು ತೀರ್ಪು ಕೊಡಬೇಕಾಗುತ್ತದೆ. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಅದಕ್ಕೆ ನಾಲ್ಕು ಪ್ರಶಸ್ತಿಗಳು ಸಂದವು.

ಆದರೆ ಸುಮಾರು ಹತ್ತು ಲಕ್ಷ ಪದಗಳ ಆ ಗ್ರಂಥವನ್ನು ಪರದೆಯ ಮೇಲೆ ಓದುವ ತಾಳ್ಮೆ ಎಷ್ಟು ಜನರಿಗಿದ್ದೀತು? ಕರ್ತೃಗಳು ಕಥೆಯನ್ನು ಸಂಕ್ಷೇಪಿಸಲಿಲ್ಲ. ೨೦೨೧ರ ಆವೃತ್ತಿಯಲ್ಲಿ ಹೊಸ ಪ್ರಸಂಗಗಳನ್ನೇ ಕೂಡಿಸಿ, ಹೆಚ್ಚುಕಡಮೆ ಎಲ್ಲ ಮಾತಿಗೂ ನಟರ ಧ್ವನಿಯನ್ನು ಕೊಡಿಸಿದರು. ಗದುಗಿನ ಭಾರತವು ಅಕ್ಷರವರಿಯದವರ ಮನೆಗಳನ್ನು ಮುಟ್ಟಿದ್ದು ಹೀಗೆಯೇ ಅಲ್ಲವೆ? ಗಮಕಿಯ ಕಂಠ ಅದನ್ನು ಅಲ್ಲಿಗೆ ಹೊತ್ತೊಯ್ದಿತು. ಕುಮಾರವ್ಯಾಸನ ರೂಪಕಗಳನ್ನು ಯಾರೂ ತೆಳುಗೊಳಿಸಲಿಲ್ಲ.

ಪೋಲೆಂಡಿನ ‘ದಿ ವಿಚರ್ ೩’ (೨೦೧೫) ಹಿಡಿದದ್ದು ಬೇರೆ ದಾರಿ. ೨೦೨೩ರ ವೇಳೆಗೆ ಅದರ ಐದು ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿದ್ದವು. ಕತ್ತಿ, ಕುದುರೆ, ರಾಕ್ಷಸಬೇಟೆ: ಹೊರಬಾಗಿಲೆಲ್ಲ ಸಂತೆಯ ಗದ್ದಲ. ಒಳಹೊಕ್ಕವನಿಗೆ ಒಬ್ಬ ದಂಡನಾಯಕ ಎದುರಾಗಿ, ಕಾಣೆಯಾದ ಹೆಂಡತಿ ಮಗಳನ್ನು ಹುಡುಕಿಕೊಡೆಂದು ಬೇಡುತ್ತಾನೆ. ಹುಡುಕುತ್ತ ಹೋದಂತೆ ತಿಳಿಯುತ್ತದೆ, ಅವನೇ ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದನೆಂದು, ಗರ್ಭ ಇಳಿದುಹೋಯಿತೆಂದು, ಸಂಸ್ಕಾರವಿಲ್ಲದ ಆ ಪಿಂಡ ಈಗ ಪಿಶಾಚಿಯಾಗಿದೆಯೆಂದು. ಅದನ್ನು ಕತ್ತಿಯಿಂದ ಕೊಲ್ಲಬಹುದು. ಇಲ್ಲವೆ, ಆ ತಂದೆಯೇ ಅದನ್ನು ಎತ್ತಿಕೊಂಡು ನಡೆದು, ಹೆಸರಿಟ್ಟು, ಹೊಸ್ತಿಲಲ್ಲಿ ಹೂಳುವಂತೆ ಮಾಡಬಹುದು. ಕತ್ತಿ ಝಳಪಿಸಲೆಂದೇ ಬಂದವನ ಕೈ ಇಲ್ಲಿ ತಡೆಯುತ್ತದೆ.

ಉದ್ದವನ್ನೇ ಆಳವೆಂದು ಬಗೆದ ಆಟಗಳೂ ಉಂಟು. ‘ಮೆಟಲ್ ಗಿಯರ್ ಸಾಲಿಡ್ ೪’ರ (೨೦೦೮) ಸಮಾಪ್ತಿದೃಶ್ಯ ಒಂದು ಗಂಟೆಗೂ ಹೆಚ್ಚು; ಆಡಲು ಬಂದವನು ಅಷ್ಟು ಹೊತ್ತೂ ಬಹುತೇಕ ಪ್ರೇಕ್ಷಕ. ಅದು ಹರಿಕಥೆಯೂ ಅಲ್ಲ, ಆಟವೂ ಅಲ್ಲ.

ಮೇಲೆ ಹೆಸರಿಸಿದ ಮೊದಲೆರಡು ಆಟಗಳು ಪ್ರಾಯಸ್ಥರಿಗೆಂದು ರಚಿತವಾದವು. ಶಾಲಾಬಾಲಕರ ಕೈಗೆ ಕೊಡತಕ್ಕವಲ್ಲ. ಅವರು ಹೇಗೂ ಬೇರೆ ಆಟಗಳನ್ನು ಆಡುತ್ತಲೇ ಇದ್ದಾರೆ. ಆಟಗಳನ್ನು ನಿರ್ಮಿಸುವ ಸಂಸ್ಥೆಗಳು ಬೆಂಗಳೂರಿನಲ್ಲಿಯೂ ಇವೆ; ಆ ಕಸುಬಿಗೆ ಗಣಕತಜ್ಞರೂ ಚಿತ್ರಕಾರರೂ ಬೇಕಾದಂತೆ ಕಥೆ ಕಟ್ಟುವವರೂ ಬೇಕು. ಗಣಕಯಂತ್ರದ ಕೊಠಡಿಗೆ ಉದಾರವಾಗಿ ನೆರವಾಗುವ ದಾನಿಗಳು ಗಮಕದ ತರಗತಿಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಬಹುದು.