ಉಕ್ಕು ಕೊಂಡರೆ ಸಾಲದು, ತುಕ್ಕು ಒರೆಸಬೇಕು

ಮೊದಲೇ ಹೇಳಿಬಿಡ್ತೀನಿ: ಗೋಡೆಗೆ ನೇತುಹಾಕಿ ಮರೆಯೋಕೆ ಅಂತ ಮಧ್ಯಯುಗದ ಯುರೋಪಿನ ಕತ್ತಿಯ ನಕಲು ಕೊಳ್ಳುವ ಯೋಚನೆಯಿದ್ದರೆ, ಕೊಳ್ಳಬೇಡಿ. ಅದೇ ದುಡ್ಡಿಗೆ ಒಂದು ಒಳ್ಳೆಯ ಚಿತ್ರ ತಂದು ಹಾಕಿ. ಚಿತ್ರಕ್ಕೆ ತುಕ್ಕು ಹಿಡಿಯಲ್ಲ. ಅದು ಹಿಡಿಯಿಂದ ಕಳಚಿ ಹಾರಿ ಯಾರ ಮೈಮೇಲೂ ಬೀಳಲ್ಲ. ಈ ಬರಹದ ಜೊತೆಗಿರುವ ಎಪಿಸೋಡ್‌ನಲ್ಲಿ ಇಷ್ಟು ಖಡಾಖಂಡಿತವಾಗಿ ಹೇಳೋಕೆ ಸಮಯ ಸಾಲಲಿಲ್ಲ, ಹಾಗಾಗಿ ಇಲ್ಲಿ ಬರೀತಿದ್ದೀನಿ.

ಇದು ಕತ್ತಿ ಕಂಡರಾಗದವನ ಮಾತಲ್ಲ. ನಾನಿರುವ ಜರ್ಮನಿಯಲ್ಲಿ ಬೇಸಿಗೆ ಬಂದರೆ ಊರೂರಲ್ಲೂ ಮಧ್ಯಯುಗದ ಸಂತೆ. ಹದಿನೈದನೇ ಶತಮಾನದ ಹಾನ್ಸ್ ಟಾಲ್‌ಹೋಫರ್‌ನಂಥವರ ಕೈಪಿಡಿಗಳನ್ನು ಮುಂದಿಟ್ಟುಕೊಂಡು ಉದ್ದಗತ್ತಿಯ ವರಸೆ ಕಲಿಸುವ ಕ್ಲಬ್‌ಗಳಿವೆ. ಈ ವಿದ್ಯೆಯನ್ನು ಚಿಕ್ಕದಾಗಿ ‘ಹೇಮಾ’ ಅಂತಾರೆ. ಪಕ್ಕದ ಮನೆ ಹೇಮಕ್ಕ ಅಲ್ಲ! ನಮ್ಮವರ ಮಕ್ಕಳೂ ಅಲ್ಲಿ ಸೇರ್ತಿದ್ದಾರೆ, ಒಳ್ಳೆಯದೇ. ನನ್ನ ಜಗಳವಿರೋದು ಆ ಹುಮ್ಮಸ್ಸನ್ನು ಕಾಸು ಮಾಡಿಕೊಳ್ಳುವ ಒಂದು ಪದದ ಜೊತೆ: ‘ಬ್ಯಾಟಲ್ ರೆಡಿ’. ಅಂದರೆ ‘ಯುದ್ಧಕ್ಕೆ ಸಿದ್ಧ’.

ಯಾವ ಯುದ್ಧಕ್ಕೆ ಸ್ವಾಮಿ? ಯಾರು ಪರೀಕ್ಷೆ ಮಾಡಿದ್ದು? ದಿನವಿಡೀ ದತ್ತಾಂಶದ ಮುಂದೆ ಕೂತು ಸಂಬಳ ಎಣಿಸುವವನು ನಾನು. ಅಳತೆಯಿಲ್ಲದ ಲೇಬಲ್ ಕಂಡರೆ ಮೈ ಉರಿಯುತ್ತೆ. ಈ ಎರಡು ಪದಗಳ ಹಿಂದೆ ಯಾವ ಕಾನೂನೂ ಇಲ್ಲ, ಯಾರು ಬೇಕಾದರೂ ಯಾವುದರ ಮೇಲೆ ಬೇಕಾದರೂ ಅಂಟಿಸಬಹುದು. ಇದೇ ದೇಶದಲ್ಲಿ ಜೋಲಿಂಗೆನ್ ಅನ್ನುವ ಊರಿದೆ, ಶತಮಾನಗಳಿಂದ ಅಲಗು ಮಾಡುವವರ ಊರು. ಆ ಊರಿನ ಹೆಸರನ್ನು ಚಾಕುವಿನ ಮೇಲೆ ಸುಮ್ಮನೆ ಒತ್ತುವಂತಿಲ್ಲ, 1938ರಿಂದ ಅದಕ್ಕೆ ಕಾನೂನಿನ ರಕ್ಷಣೆಯಿದೆ. ತರಕಾರಿ ಹೆಚ್ಚುವ ಚಾಕುವಿಗೆ ಇಷ್ಟು ಕಟ್ಟುನಿಟ್ಟು. ಒಂದು ಮೀಟರ್ ಉದ್ದದ ಕತ್ತಿಗೆ ಮಾತ್ರ ಮಾರುವವನ ಬಾಯಿಮಾತೇ ಪ್ರಮಾಣಪತ್ರ!

ಆ ಬಾಯಿಮಾತಿನ ಹಿಂದೆ ಸಾಮಾನ್ಯವಾಗಿ ಏನಿರುತ್ತೆ ನೋಡಿ. ಫಳಫಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್. ಅಡುಗೆಮನೆಗೆ ಅದು ಚಿನ್ನದಂಥ ಲೋಹ, ನನ್ನ ತಕರಾರಿಲ್ಲ. ಆದರೆ ಉದ್ದನೆಯ ಅಲಗು ಪೆಟ್ಟು ಬಿದ್ದಾಗ ಬಾಗಿ ಮತ್ತೆ ನೆಟ್ಟಗಾಗಬೇಕು. ಅಗ್ಗದ ಸ್ಟೇನ್‌ಲೆಸ್ ಅಲಗು ಬಾಗೋದಿಲ್ಲ, ಮುರಿಯುತ್ತೆ. ಇನ್ನು ಹಿಡಿಯ ಒಳಗೆ ಹೋಗುವ ಬಾಲ. ಅದು ಅಲಗಿನದೇ ಮುಂದುವರಿಕೆ ಆಗಿರಬೇಕು. ಅಗ್ಗದವುಗಳಲ್ಲಿ ಬೆರಳಿಗಿಂತ ಸಣ್ಣ ಸರಳನ್ನು ವೆಲ್ಡ್ ಮಾಡಿ ನಟ್ ಬಿಗಿದಿರ್ತಾರೆ. ಬೀಸಿದಾಗ ಹಿಡಿ ಕೈಯಲ್ಲಿ ಉಳಿಯುತ್ತೆ, ಅಲಗು ತನ್ನ ದಾರಿ ಹಿಡಿಯುತ್ತೆ. ಅಮೆರಿಕದ ಟಿವಿ ಮಾರಾಟದ ಕಾರ್ಯಕ್ರಮವೊಂದರಲ್ಲಿ ಜಪಾನಿ ಮಾದರಿಯ ಅಗ್ಗದ ಕತ್ತಿಯನ್ನು ಮೇಜಿಗೆ ತಟ್ಟಿ ತೋರಿಸಲು ಹೋದಾಗ ಅದು ಮುರಿದು, ತುಂಡು ಹಾರಿ ತಟ್ಟಿದವನಿಗೇ ಚುಚ್ಚಿದ್ದು ನೇರಪ್ರಸಾರದಲ್ಲೇ ನಡೆದಿದೆ. ಬೆಳ್ಳಗಿರೋದೆಲ್ಲ ಹಾಲಲ್ಲ.

“ನಾನು ಬೀಸೋದಿಲ್ಲ, ಅಲಂಕಾರಕ್ಕೆ ತಾನೇ” ಅಂತೀರಿ. ನೀವು ಬೀಸಲ್ಲ, ಒಪ್ಪಿದೆ. ವೀಕೆಂಡ್ ಪಾರ್ಟಿಗೆ ಬಂದ ನಿಮ್ಮ ಗೆಳೆಯ? ಅವನ ಹನ್ನೆರಡು ವರ್ಷದ ಮಗ? ಕತ್ತಿ ಕೈಗೆ ಸಿಕ್ಕಮೇಲೆ ಬೀಸದೇ ಇರುವ ಮನುಷ್ಯನನ್ನು ನಾನಂತೂ ನೋಡಿಲ್ಲ.

ಹಾಗಾದರೆ ಕೊಳ್ಳುವಾಗ ಏನು ಕೇಳಬೇಕು? ಒಂದು, ಯಾವ ಉಕ್ಕು. 1060, 5160, 51ಸಿಆರ್‌ವಿ4 ಅಂತ ಸ್ಪಷ್ಟ ಉತ್ತರ ಬರಬೇಕು. 1060 ಅಂದರೆ ಅದರಲ್ಲಿ ಸುಮಾರು 0.60 ಶೇಕಡಾ ಇಂಗಾಲ. ‘ಹೈ ಕಾರ್ಬನ್’ ಅಂತಷ್ಟೇ ಹೇಳಿದರೆ ಅದು ಉತ್ತರವಲ್ಲ. ಎರಡು, ಎಷ್ಟು ತೂಕ. ಮಧ್ಯಯುಗದ ಒಂಟಿಗೈ ಕತ್ತಿಗಳು ಹೆಚ್ಚಾಗಿ 1.1ರಿಂದ 1.3 ಕಿಲೋ, ಎರಡು ಕೈಯಲ್ಲಿ ಹಿಡಿಯುವ ಉದ್ದಗತ್ತಿಗಳೂ ಸಾಮಾನ್ಯವಾಗಿ 1.8 ಕಿಲೋ ದಾಟಲ್ಲ. ಸಿನಿಮಾ ನೋಡಿ ಹತ್ತು ಕಿಲೋ ಅಂದುಕೊಂಡವರೇ ಹೆಚ್ಚು. ಮೂರು, ಸಮತೋಲನದ ಬಿಂದು ಎಲ್ಲಿದೆ. ನಾಲ್ಕು, ಹಿಡಿಯ ಬಳಿ ಅಲಗು ಎಷ್ಟು ದಪ್ಪ, ಮೊನೆಯ ಬಳಿ ಎಷ್ಟು. ನಿಜವಾದ ಕತ್ತಿ ಮೊನೆಯತ್ತ ತೆಳುವಾಗ್ತಾ ಹೋಗುತ್ತೆ. ಒಂದೇ ದಪ್ಪ ಇದ್ದರೆ ಅದು ಕತ್ತಿಯ ಆಕಾರದ ಕಬ್ಬಿಣದ ಪಟ್ಟಿ, ಅಷ್ಟೇ.

ಕವಚಕ್ಕೂ ಇದೇ ಮಾತು. ಕಾಳಗದ ಪೂರ್ತಿ ಉಕ್ಕಿನ ಕವಚ 20ರಿಂದ 25 ಕಿಲೋ ಇರ್ತಿತ್ತು, ಆ ಭಾರ ಮೈತುಂಬಾ ಹಂಚಿಹೋಗ್ತಿತ್ತು. ವೀರರನ್ನು ಕ್ರೇನಿನಲ್ಲಿ ಎತ್ತಿ ಕುದುರೆ ಮೇಲೆ ಕೂರಿಸ್ತಿದ್ದರು ಅನ್ನೋದು ಬರೀ ಕಟ್ಟುಕತೆ. ಸರಪಳಿ ಅಂಗಿ ಕೊಳ್ಳುವಾಗ ಉಂಗುರಗಳಿಗೆ ರಿವೆಟ್ ಹೊಡೆದಿದ್ದಾರಾ ನೋಡಿ. ತುದಿಗಳನ್ನು ಬರೀ ಒತ್ತಿ ಸೇರಿಸಿದ್ದರೆ ಎಳೆದಾಗ ಬಾಯಿ ಬಿಡುತ್ತೆ. ಶಿರಸ್ತ್ರಾಣದ ತಗಡಿನ ಲೆಕ್ಕ ಉಲ್ಟಾ: 18 ಗೇಜ್ ಅಂದರೆ 14 ಗೇಜ್‌ಗಿಂತ ತೆಳು. ದೊಡ್ಡ ಸಂಖ್ಯೆ ನೋಡಿ ಗಟ್ಟಿ ಅಂದುಕೊಂಡು ಅದರೊಳಗೆ ತಲೆ ಕೊಡಬೇಡಿ.

ಇನ್ನೊಂದು ಲೇಬಲ್ ‘ಡಮಾಸ್ಕಸ್’. ಇಲ್ಲಿ ಕನ್ನಡಿಗರಿಗೆ ಹೊಟ್ಟೆ ಉರಿಯಲೇಬೇಕು. ನೀರಿನ ಅಲೆಗಳಂಥ ವಿನ್ಯಾಸವಿದ್ದ ಆ ಹೆಸರಾಂತ ಅಲಗುಗಳ ಉಕ್ಕು ದಕ್ಷಿಣ ಭಾರತದಿಂದ ಹೋಗ್ತಿತ್ತು. ಅದನ್ನು ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡ್ತಿದ್ದರು. ಇಂಗ್ಲಿಷರು ಅದನ್ನು ‘ವೂಟ್ಜ್’ ಅಂದರು, ಆ ಪದ ನಮ್ಮ ‘ಉಕ್ಕು’ವಿನಿಂದಲೇ ಬಂತು ಅನ್ನೋದು ಹೆಚ್ಚಿನವರು ಒಪ್ಪುವ ಮಾತು. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ವಿಶ್ಲೇಷಿಸಿ ಬರೆದ. ಇವತ್ತು ಆ ಹೆಸರಲ್ಲಿ ಮಾರೋದು ಬಹುಪಾಲು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಆಮ್ಲದಲ್ಲಿ ಅದ್ದಿದ್ದು. ಅದೂ ಹಳೆಯ, ಗೌರವದ ಕಸುಬೇ. ಸುಳ್ಳು ಇರೋದು ಹೆಸರಿನಲ್ಲಿ.

ಒಳ್ಳೆಯದನ್ನೇ ಕೊಂಡಿರಿ ಅನ್ನೋಣ. ಅಸಲಿ ಖರ್ಚು ಈಗ ಶುರು: ನಿಮ್ಮ ಸಮಯ. ಒಳ್ಳೆಯ ಕತ್ತಿಯ ಉಕ್ಕಿಗೆ ತುಕ್ಕು ಹಿಡಿದೇ ಹಿಡಿಯುತ್ತೆ. ಬೆರಳಿನ ಬೆವರೇ ಸಾಕು, ಕೆಲವೇ ದಿನದಲ್ಲಿ ಅಲಗಿನ ಮೇಲೆ ನಿಮ್ಮ ಬೆರಳಚ್ಚು ಕಂದುಬಣ್ಣದಲ್ಲಿ ಮೂಡುತ್ತೆ. ಮುಟ್ಟಿದಾಗಲೆಲ್ಲ ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವಂಥ ಖನಿಜ ಎಣ್ಣೆಯನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ: ಇಲ್ಲಿನ ಚಳಿಗೆ ಗಟ್ಟಿಯಾಗುತ್ತೆ, ಹಳೆಯದಾದರೆ ಕಮಟುತ್ತೆ. ಕತ್ತಿಯನ್ನು ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಚರ್ಮ ತೇವ ಹಿಡಿದಿಡುತ್ತೆ. ಬೇಸಿಗೆಯಲ್ಲಿ ತೇವ ಕಟ್ಟುವ ನೆಲಮಾಳಿಗೆಯಲ್ಲೂ ಇಡಬೇಡಿ. ಅಭ್ಯಾಸದ ಮೊಂಡು ಕತ್ತಿಯ ಅಂಚಿನಲ್ಲಿ ಪೆಟ್ಟಿನ ಮುಳ್ಳುಗಳು ಎದ್ದರೆ ಅರದಿಂದ ಉಜ್ಜಿ ನಯ ಮಾಡಿ, ಇಲ್ಲವಾದರೆ ಎದುರಾಳಿಯ ಕೈಗವಸು ಹರಿಯುತ್ತೆ. ಕವಚದ ಚರ್ಮದ ಪಟ್ಟಿ ಬಿರುಕು ಬಿಟ್ಟಿದೆಯಾ, ರಿವೆಟ್ ಸಡಿಲವಾಗಿದೆಯಾ, ತೊಡುವ ಮೊದಲು ಪ್ರತಿಸಲ ನೋಡಿ.

ನಮ್ಮಲ್ಲಿ ವರ್ಷಕ್ಕೊಮ್ಮೆ ಆಯುಧಪೂಜೆ ಇದೆಯಲ್ಲ ಅಂತೀರಾ? ಒದ್ದೆ ಅರಿಶಿನ ಕುಂಕುಮ, ಹೂವಿನ ತೇವ, ಹೆಚ್ಚಿದ ನಿಂಬೆಹಣ್ಣಿನ ಹುಳಿ, ಇವೆಲ್ಲ ಉಕ್ಕಿಗೆ ಶತ್ರುಗಳೇ. ಲ್ಯಾಪ್‌ಟಾಪ್ ತಡೆದುಕೊಳ್ಳುತ್ತೆ, ಕತ್ತಿ ತಡೆಯಲ್ಲ. ಪೂಜೆ ಬೇಡ ಅಂತಿಲ್ಲ. ಆದರೆ ಅದೇ ಸಂಜೆ ಒರೆಸಿ ಎಣ್ಣೆ ಹಚ್ಚದಿದ್ದರೆ ಅದು ಪೂಜೆಯಲ್ಲ, ಫೋಟೋ. ಆಯುಧಕ್ಕೆ ಗೌರವ ಅಂದರೆ ಉಳಿದ 364 ದಿನದ ಬಟ್ಟೆಚೂರು.

ಕಾನೂನೂ ನಿಮ್ಮ ಜವಾಬ್ದಾರಿಯೇ. ಜರ್ಮನಿಯಲ್ಲಿ ಹರಿತವಾದ ಕತ್ತಿ ಆಯುಧ. 18 ತುಂಬಿದವರು ಮನೆಯಲ್ಲಿಡಬಹುದು, ಸೊಂಟಕ್ಕೆ ಕಟ್ಟಿಕೊಂಡು ಬೀದಿಯಲ್ಲಿ ಓಡಾಡುವಂತಿಲ್ಲ. ಸಾಗಿಸುವಾಗ ಬೀಗ ಹಾಕಿದ ಚೀಲದಲ್ಲಿರಲಿ. ಬ್ರಿಟನ್ನಿನಲ್ಲಿ 50 ಸೆಂ.ಮೀ.ಗಿಂತ ಉದ್ದದ ಬಾಗಿದ ಕತ್ತಿಗಳ ಮಾರಾಟಕ್ಕೆ 2008ರಿಂದ ನಿರ್ಬಂಧವಿದೆ. ನೀವಿರುವ ದೇಶದ ನಿಯಮ ಕೊಳ್ಳುವ ಮೊದಲೇ ಓದಿ.

“ಇಷ್ಟೆಲ್ಲ ನೋಡಿದರೆ ದುಬಾರಿಯಾಗಲ್ವಾ?” ಆಗುತ್ತೆ. ಅಭ್ಯಾಸಕ್ಕೆ ತಕ್ಕ ಕತ್ತಿಗೆ ಕೆಲವು ನೂರು ಯೂರೋ ಬೇಕು. ಅದಕ್ಕೇ ಐದು ಬೇಡ, ಒಂದು ಸಾಕು. ಅವಸರವೇನೂ ಇಲ್ಲ. ಮೊದಲು ಜೋಲಿಂಗೆನ್‌ನ ಅಲಗುಗಳ ಮ್ಯೂಸಿಯಂಗೆ ಹೋಗಿ, ಶತಮಾನಗಳ ಹಿಂದಿನ ಕತ್ತಿಗಳು ಎಷ್ಟು ತೆಳ್ಳಗಿವೆ ನೋಡಿ. ಆಮೇಲೆ ಕ್ಲಬ್ಬಿಗೆ ಹೋಗಿ ಅವರ ಕತ್ತಿಯನ್ನು ಕೆಲವು ತಿಂಗಳು ಹಿಡಿಯಿರಿ. ಆಮೇಲೂ ಆಸೆ ಉಳಿದಿದ್ದರೆ ಮಾರುವವನಿಗೆ ಆ ನಾಲ್ಕು ಪ್ರಶ್ನೆ ಬರೆದು ಕಳಿಸಿ. ಸಂಖ್ಯೆಗಳಲ್ಲಿ ಉತ್ತರ ಬಂದರೆ ಮಾತು ಮುಂದುವರಿಸಿ. ‘ಬ್ಯಾಟಲ್ ರೆಡಿ ಸರ್’ ಅಂತ ಬಂದರೆ, ಅಲ್ಲಿಗೇ ಕೈಮುಗಿದುಬಿಡಿ.