ಅಂಕಪಟ್ಟಿಗಿಂತ ಮೊದಲು ಮನೆಯನ್ನು ನೋಡಿ

ಪಿಯುಸಿ ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ಪಟ್ಟಣಗಳಲ್ಲಿ ಒಂದು ಕಾರ್ಯಕ್ರಮ ತಪ್ಪದೆ ನಡೆಯುತ್ತದೆ. ಶಾದಿಮಹಲ್‌ನಲ್ಲಿ ವೇದಿಕೆ, ವೇದಿಕೆಯ ಮೇಲೆ ಗಣ್ಯರು, ಶೇ. 90 ದಾಟಿದ ಮಕ್ಕಳಿಗೆ ಶಾಲು, ಸ್ಮರಣಿಕೆ ಮತ್ತು ಒಂದು ಲಕೋಟೆ. ಪ್ರತಿಭೆಯನ್ನು ಗೌರವಿಸುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಅದೇ ಹೊತ್ತಿನಲ್ಲಿ, ಅದೇ ಮೊಹಲ್ಲಾದ, ಶೇ. 58 ಅಂಕ ಪಡೆದ ಹುಡುಗನೊಬ್ಬ ಮಗ್ಗದ ಶೆಡ್ಡಿನಲ್ಲಿಯೋ ಗ್ಯಾರೇಜಿನಲ್ಲಿಯೋ ನಿಂತಿರುತ್ತಾನೆ. ಅವನನ್ನು ಸಭೆಗೆ ಯಾರೂ ಕರೆದಿಲ್ಲ. ಮುಂದೆ ಓದುತ್ತೀಯಾ ಎಂದು ಕೇಳಿದವರೂ ಇಲ್ಲ. ಲಕೋಟೆ ಪಡೆದ ಮಗುವಿನ ಪೈಕಿ ಅನೇಕರ ತಂದೆ ಅಂಗಡಿ ಮಾಲಕರೋ ಸರ್ಕಾರಿ ನೌಕರರೋ ಆಗಿರುತ್ತಾರೆ. ಆ ಹಣ ಇಲ್ಲದಿದ್ದರೂ ಆ ಮಗು ಕಾಲೇಜು ಸೇರುತ್ತಿತ್ತು. ಹಾಗಾದರೆ ಸಮುದಾಯದ ಹಣ ಯಾರ ಬದುಕಿನಲ್ಲಿ ಬದಲಾವಣೆ ತಂದಿತು?

ಮಹಾಲಿಂಗಪುರದಂಥ ಪಟ್ಟಣದಲ್ಲಿ ನಿಂತು ಈ ಪ್ರಶ್ನೆ ಕೇಳಿಕೊಳ್ಳಬೇಕು. ಬೆಲ್ಲದ ಪೇಟೆ, ಸುತ್ತಲಿನ ಕಬ್ಬು, ನೇಕಾರಿಕೆ ಇವುಗಳ ಮೇಲೆ ನಿಂತ ಊರು ಇದು. ಪಕ್ಕದ ರಬಕವಿ-ಬನಹಟ್ಟಿಯಂತೂ ಮಗ್ಗದ ಸದ್ದಿನಿಂದಲೇ ಬೆಳಗಾಗುವ ಊರು. ಇಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಮಹಾಲಿಂಗಪುರದಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಪದವಿ ಮಹಾವಿದ್ಯಾಲಯವಿದೆ. ಜಮಖಂಡಿ, ಮುಧೋಳಗಳಲ್ಲಿ ಇನ್ನೂ ಇವೆ. ಈಗ ಜಮಖಂಡಿಯಲ್ಲಿ ವಿಶ್ವವಿದ್ಯಾಲಯವೇ ಇದೆ. ಬಾಗಿಲು ಮನೆಯ ಹತ್ತಿರವೇ ಇದ್ದರೂ ಒಳಗೆ ಹೋಗಲು ಆಗುತ್ತಿಲ್ಲವಾದರೆ, ತಡೆ ಬೇರೆಲ್ಲಿಯೋ ಇದೆ.

ಆ ತಡೆ ಕೇವಲ ಶುಲ್ಕವಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳದೆ ನಾವು ನೆರವಿನ ಮಾತಾಡುತ್ತಿದ್ದೇವೆ. ಕೂಲಿ ನೇಕಾರನ ಮನೆಯಲ್ಲಿ ತಂದೆ ಮಗ್ಗದ ಮುಂದೆ, ತಾಯಿ ಕಂಡಿಕೆ ಸುತ್ತುವುದರಲ್ಲಿ ತೊಡಗಿರುತ್ತಾರೆ. ಹದಿನೆಂಟು ತುಂಬಿದ ಮಗ ಎಂದರೆ ಆ ಮನೆಗೆ ಇನ್ನೊಂದು ದುಡಿಯುವ ಕೈ. ಅವನು ಬಿ.ಎ. ಅಥವಾ ಬಿ.ಕಾಂ. ಸೇರಿದರೆ ಶುಲ್ಕದ ಜೊತೆಗೆ ಮೂರು ವರ್ಷಗಳ ಕೂಲಿಯೂ ಕೈತಪ್ಪುತ್ತದೆ. ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ ಅದರ ಮೇಲಿನ ಹೊರೆ. ಹೆಣ್ಣುಮಕ್ಕಳ ವಿಷಯದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಖರ್ಚಾದರೂ ತಪ್ಪಿದೆ. ಗಂಡುಮಕ್ಕಳು ಓದು ಬಿಡುವುದನ್ನು ಮಾತ್ರ ನಾವು 'ದುಡಿಮೆಗೆ ಹತ್ತಿದ' ಎಂದು ಹೊಗಳಿಯೇ ಮುಗಿಸುತ್ತೇವೆ. ಮುಂದೆ ಓದಿದ ಹುಡುಗಿಗೆ ಸರಿಸಮಾನ ವರ ಸಿಗುತ್ತಿಲ್ಲ ಎಂದು ಗೋಳಿಡುವವರೂ ಇದೇ ಹಿರಿಯರು!

ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂದಾಗ ನಮ್ಮ ವೇದಿಕೆಗಳಲ್ಲಿ ಅದು ಸಾಕಷ್ಟು ಚರ್ಚೆಯಾಯಿತು. 2001ರ ಜನಗಣತಿಯ ಆಧಾರದಲ್ಲಿ ಅದು ಹೇಳಿದ ಮಾತು ಇದು: ದೇಶದಲ್ಲಿ 20 ವರ್ಷ ಮೀರಿದವರ ಪೈಕಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7, ಮುಸ್ಲಿಮರಲ್ಲಿ ಶೇ. 4ಕ್ಕಿಂತಲೂ ಕಡಿಮೆ. ಅದರ ಬೆನ್ನಿಗೆ 2007-08ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭಿಸಿತು. ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ರೂಪಾಯಿ ಮೀರಬಾರದು, ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಇರಬೇಕು ಎಂಬುದು ನಿಯಮ. ಈ ಯೋಜನೆಗೆ ಇದ್ದ ಮಂಜೂರಾತಿ 2021-22ಕ್ಕೆ ಮುಗಿಯಿತು. 2022ರ ಡಿಸೆಂಬರ್‌ನಲ್ಲಿ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ನಿಂತಿತು. ಸರ್ಕಾರವನ್ನು ಪ್ರಶ್ನಿಸುವುದು ಪ್ರಜೆಗಳ ಹಕ್ಕು. ಆ ಹಕ್ಕನ್ನು ಬಿಟ್ಟುಕೊಡಬೇಕೆಂದು ಯಾರೂ ಹೇಳುತ್ತಿಲ್ಲ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಒಳ್ಳೆಯದೇ. ಆದರೆ ಅದು ಸಾಲ. ಅದೂ ಮುಖ್ಯವಾಗಿ ವೈದ್ಯಕೀಯ, ಇಂಜಿನಿಯರಿಂಗ್‌ನಂಥ ವೃತ್ತಿಪರ ಶಿಕ್ಷಣಕ್ಕೆ. ಊರಿನ ಕಾಲೇಜಿನಲ್ಲಿ ಬಿ.ಎ. ಓದಬಯಸುವ ಹಮಾಲನ ಮಗನಿಗೆ ಅದರ ಬಾಗಿಲು ತೆರೆಯುವುದಿಲ್ಲ.

ಇನ್ನು ಮಹಾಲಿಂಗಪುರದ ಮಗ್ಗುಲಲ್ಲೇ ಇರುವ ಒಂದು ಉದಾಹರಣೆಯನ್ನು ನೋಡೋಣ. ಸಮೀರವಾಡಿಯ ಸಕ್ಕರೆ ಕಾರ್ಖಾನೆ ಈ ಭಾಗದ ಎಲ್ಲರಿಗೂ ಗೊತ್ತು. ಅದನ್ನು ನಡೆಸುವ ಸೋಮಯ್ಯ ಸಮೂಹದ 'ಹೆಲ್ಪ್ ಎ ಚೈಲ್ಡ್' ಎಂಬ ಕಾರ್ಯಕ್ರಮ ಸುತ್ತಲಿನ ತಾಲೂಕುಗಳ ಬಡ ವಿದ್ಯಾರ್ಥಿಗಳ ಕಾಲೇಜು ಶಿಕ್ಷಣಕ್ಕೆ ಧನಸಹಾಯ ನೀಡುತ್ತದೆ. ಅದರ ಎರಡು ಗುಣಗಳು ಗಮನಿಸತಕ್ಕವು. ಒಂದು, ನೆರವಿನ ಆಧಾರ ಕುಟುಂಬದ ಅಗತ್ಯ. ಇನ್ನೊಂದು, ಅದು ಸ್ಥಳೀಯ ಮಕ್ಕಳಿಗೆ ಮೀಸಲು. ಕಾರ್ಖಾನೆಯ ಮನೆತನ ಕಬ್ಬು ಬೆಳೆದ ನೆಲಕ್ಕೆ ತನ್ನದೊಂದು ಋಣವಿದೆ ಎಂದು ತಿಳಿದಿದೆ. ನಮ್ಮ ಅರ್ಹ ಮಕ್ಕಳು ಅಲ್ಲಿ ಅರ್ಜಿ ಹಾಕುತ್ತಿದ್ದಾರೆಯೇ, ಇಲ್ಲವಾದರೆ ಅವರಿಗೆ ಅರ್ಜಿ ಬರೆದುಕೊಡುವವರು ಯಾರು ಎಂಬುದನ್ನು ಪ್ರತಿ ಮಸೀದಿ ಕಮಿಟಿಯೂ ವಿಚಾರಿಸಬೇಕು. ಅದಕ್ಕಿಂತ ಹೆಚ್ಚಾಗಿ, ಒಂದು ಉದ್ಯಮ ಮಾಡುವ ಕೆಲಸವನ್ನು ಝಕಾತ್ ಕಡ್ಡಾಯವಾಗಿರುವ ಒಂದು ಸಮುದಾಯ ಏಕೆ ಮಾಡುತ್ತಿಲ್ಲ ಎಂದು ನಾಚಬೇಕು.

ಇದು ನಮಗೆ ಹೊಸ ಸಂಗತಿಯೇನೂ ಅಲ್ಲ. ಇದೇ ಕರ್ನಾಟಕದ ಬೀದರಿನಲ್ಲಿ ಬಹಮನಿ ವಝೀರ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸದಲ್ಲಿ ವಿದ್ಯಾರ್ಥಿಗಳಿಗೂ ಗುರುಗಳಿಗೂ ವಾಸಕ್ಕೆ ಕೋಣೆಗಳಿದ್ದವು. ಓದಲು ಬಂದವನ ಹೊಟ್ಟೆ-ಬಟ್ಟೆಯ ಚಿಂತೆ ವಿದ್ಯಾಸಂಸ್ಥೆಯದ್ದೇ ಎಂದು ಅಂದಿನವರು ತಿಳಿದಿದ್ದರು. ನಮ್ಮ ನೆರೆಯ ಲಿಂಗಾಯತ ಮಠಗಳು ಪ್ರಸಾದ ನಿಲಯಗಳ ಮೂಲಕ ತಲೆಮಾರುಗಳನ್ನು ಓದಿಸಿದ್ದೂ ಇದೇ ತಿಳುವಳಿಕೆಯಿಂದ. ಮಗು ಎಷ್ಟು ಅಂಕ ತಂದಿದೆ ಎಂದು ಕೇಳಿ ಅನ್ನ ಬಡಿಸಿದ ಮಠವನ್ನು ನಾನು ಕಂಡಿಲ್ಲ.

ಝಕಾತ್‌ನ ಲೆಕ್ಕಕ್ಕೆ ಬರೋಣ. ಖರ್ಚು ಕಳೆದು 4 ಲಕ್ಷ ರೂಪಾಯಿ ಉಳಿತಾಯವೋ ಚಿನ್ನವೋ ವರ್ಷ ಪೂರ್ತಿ ಇದ್ದ ಮನೆಯೊಂದು ಶೇ. ಎರಡೂವರೆಯಂತೆ ಕೊಡಬೇಕಾದುದು 10 ಸಾವಿರ. ಒಂದು ಪಟ್ಟಣದಲ್ಲಿ ಅಂಥ 100 ಮನೆಗಳಿದ್ದರೆ 10 ಲಕ್ಷ. ವರ್ಷಕ್ಕೆ 20 ಸಾವಿರದಂತೆ 50 ವಿದ್ಯಾರ್ಥಿಗಳಿಗೆ ಅದು ಸಾಕು. ಇಂದು ಈ ಹಣ ಏನಾಗುತ್ತಿದೆ? ರಮಝಾನ್‌ನ ಕೊನೆಯ ಹತ್ತು ದಿನಗಳಲ್ಲಿ ಐವತ್ತರ, ನೂರರ ನೋಟುಗಳಾಗಿ ಬಾಗಿಲಲ್ಲಿ ನಿಂತವರ ಕೈಗೆ ಹೋಗುತ್ತಿದೆ. ಅಥವಾ ಎಂದೂ ನೋಡಿರದ ದೂರದ ಊರಿನ ರಸೀದಿ ಪುಸ್ತಕಕ್ಕೆ ಹೋಗುತ್ತಿದೆ. ಪಡೆದವನು ಮುಂದಿನ ರಮಝಾನ್‌ನಲ್ಲಿಯೂ ಅದೇ ಬಾಗಿಲಲ್ಲಿ ನಿಂತಿರುತ್ತಾನೆ.

ಕಟ್ಟಡ ಕಟ್ಟೋಣ, ನಮ್ಮದೇ ಕಾಲೇಜು ತೆರೆಯೋಣ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅಡಿಗಲ್ಲಿಗೆ ಹೆಸರು ಕೆತ್ತಿಸುವ ಆಸೆ ಸಣ್ಣದಲ್ಲ. ಆದರೆ ಹನಫಿ ವಿದ್ವಾಂಸರ ಪ್ರಕಾರ ಝಕಾತ್ ಸಲ್ಲಬೇಕಾದರೆ ಅದು ಅರ್ಹ ವ್ಯಕ್ತಿಯ ಒಡೆತನಕ್ಕೆ ಸೇರಬೇಕು; ಗೋಡೆ-ಛಾವಣಿಗೆ ಅದನ್ನು ಬಳಸುವಂತಿಲ್ಲ. ಬಡ ವಿದ್ಯಾರ್ಥಿಯ ಕೈಗೆ ಕೊಡುವ ಧನಸಹಾಯ ಆ ಷರತ್ತಿಗೆ ತಕ್ಕಂತೆಯೇ ಇದೆ. ನಮ್ಮ ನೆರೆಮನೆಯ ಮುಸ್ಲಿಮೇತರ ಬಡ ಹುಡುಗನನ್ನು ಈ ನೆರವಿನಿಂದ ಹೊರಗಿಡಬೇಕೇ? ಖಂಡಿತ ಬೇಡ. ಝಕಾತ್‌ಗೆ ಅದರದೇ ನಿಯಮಗಳಿರುವುದರಿಂದ, ಅಂಥವರಿಗಾಗಿ ಸದಕಾ ಹಣದ ಪ್ರತ್ಯೇಕ ಖಾತೆ ಇರಲಿ. ಒಂದೇ ಮಗ್ಗದ ಕೆಳಗೆ ಬೆವರು ಹರಿಸುವವರ ಮಕ್ಕಳನ್ನು ಕಾಲೇಜಿನ ಬಾಗಿಲಲ್ಲಿ ಬೇರ್ಪಡಿಸುವುದು ನಮಗೆ ಶೋಭೆಯಲ್ಲ.

ಸುಳ್ಳು ಹೇಳಿ ಹಣ ಪಡೆಯುವವರು ಬರುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. 2023ರಲ್ಲಿ ಅಲ್ಪಸಂಖ್ಯಾತರ ಸಚಿವಾಲಯ ಪರಿಶೀಲಿಸಿದ 1,572 ಸಂಸ್ಥೆಗಳ ಪೈಕಿ 830 ನಕಲಿ ಅಥವಾ ನಿಷ್ಕ್ರಿಯವೆಂದು ಕಂಡುಬಂದು, 144 ಕೋಟಿ ರೂಪಾಯಿಗೂ ಮಿಕ್ಕಿದ ಹಣ ಸೋರಿದ ಪ್ರಕರಣ ಸಿಬಿಐಗೆ ಹೋದುದು ನಿಜ. ಬಡ ಮಕ್ಕಳ ಹೆಸರಿನಲ್ಲಿ ನಡೆದ ಈ ಕಳ್ಳತನದಲ್ಲಿ ನಮ್ಮವರ ಕೈ ಇದ್ದರೆ ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ವಂಚನೆ ನಡೆದುದು ದಿಲ್ಲಿಯಲ್ಲಿ ಕುಳಿತು ಕಾಗದ ನೋಡಿದ್ದರಿಂದ. ಮಹಾಲಿಂಗಪುರದ ಓಣಿಯಲ್ಲಿ ಯಾರ ಮನೆಯ ಒಲೆ ಎರಡು ಹೊತ್ತು ಉರಿಯುತ್ತದೆ, ಯಾರದ್ದು ಒಂದೇ ಹೊತ್ತು ಎಂಬುದು ನೆರೆಯವರಿಗೆ ತಿಳಿಯದೇ? ಇಬ್ಬರು ಹಿರಿಯರು, ಒಬ್ಬ ನಿವೃತ್ತ ಶಿಕ್ಷಕ, ಒಬ್ಬ ಮಹಿಳೆ ಹೋಗಿ ಮನೆ ನೋಡಿ ಬಂದರೆ ಆದಾಯ ಪ್ರಮಾಣಪತ್ರಕ್ಕಿಂತ ಹೆಚ್ಚಿನ ಸತ್ಯ ತಿಳಿಯುತ್ತದೆ. ಮಹಿಳೆ ಇರಲೇಬೇಕು, ಮನೆಯೊಡತಿ ತನ್ನ ಕಷ್ಟವನ್ನು ಹೊರಗಿನ ಗಂಡಸರೆದುರು ಹೇಳಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಜುಮಾ ನಮಾಝಿನ ನಂತರ ಲೆಕ್ಕ ಓದಲಿ, ಆದರೆ ಹೆಸರುಗಳನ್ನು ಓದುವುದು ಬೇಡ. ಚೆಕ್ ಹಿಡಿದು ಫೋಟೋ ತೆಗೆಸಿಕೊಳ್ಳುವ ಪದ್ಧತಿಯಂತೂ ಬೇಡವೇ ಬೇಡ. ಇಪ್ಪತ್ತರ ಹರೆಯದ ಸ್ವಾಭಿಮಾನಿ ಹುಡುಗ ಆ ಫೋಟೋಗೆ ಹೆದರಿಯೇ ಅರ್ಜಿ ಹಾಕದೆ ಉಳಿಯುತ್ತಾನೆ.

ಅಂಕಕ್ಕೆ ಬೆಲೆಯೇ ಇಲ್ಲವೇ ಎಂದರೆ, ಇದೆ. ಸೇರುವಾಗ ಕೇಳಬಾರದು, ಸೇರಿದ ಮೇಲೆ ಕೇಳಬೇಕು. ತರಗತಿಗೆ ಹೋಗುತ್ತಿದ್ದಾನೆಯೇ, ಸೆಮಿಸ್ಟರ್ ಪಾಸಾಗುತ್ತಿದ್ದಾನೆಯೇ ಎಂದು ವಿಚಾರಿಸುವುದು ನೆರವು ನೀಡುವವರ ಹೊಣೆ. ಒಂದು ವಿಷಯ ಉಳಿಸಿಕೊಂಡರೆ ನೆರವು ನಿಲ್ಲಿಸುವ ಬದಲು ಆ ವಿಷಯ ಹೇಳಿಕೊಡುವವರನ್ನು ಹುಡುಕಬೇಕು. ಮೂರು ವರ್ಷದ ಓದಿಗೆ ಒಂದು ವರ್ಷದ ಹಣ ಕೊಟ್ಟು ಕೈತೊಳೆದುಕೊಂಡರೆ, ಎರಡನೇ ವರ್ಷ ಆತ ಮತ್ತೆ ಮಗ್ಗಕ್ಕೇ ಬರುತ್ತಾನೆ.

ಕೊನೆಯದಾಗಿ ಒಂದು ವ್ಯಾವಹಾರಿಕ ಮಾತು. ರಮಝಾನ್ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚ್‌ನಲ್ಲಿ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಜನವರಿ, ಡಿಸೆಂಬರ್‌ನತ್ತ ಹೋಗುತ್ತದೆ. ಕಾಲೇಜಿನ ಪ್ರವೇಶವಾದರೋ ಫಲಿತಾಂಶದ ಬಳಿಕ, ಬೇಸಿಗೆ ಮುಗಿಯುವ ಹೊತ್ತಿಗೆ. ಈ ನಡುವಿನ ತಿಂಗಳುಗಳಲ್ಲಿ ಹಣವನ್ನು ಖಾತೆಯಲ್ಲಿ ಭದ್ರವಾಗಿರಿಸುವ ಏರ್ಪಾಡಿನ ಬಗ್ಗೆ ಕಮಿಟಿಗಳು ಸ್ಥಳೀಯ ಆಲಿಮರನ್ನು ಈಗಲೇ ಕೇಳಿಕೊಳ್ಳಲಿ. ಪಿಯುಸಿ ದ್ವಿತೀಯ ವರ್ಷದ ಮಕ್ಕಳ ಮನೆಗಳ ಭೇಟಿ ಪರೀಕ್ಷೆಗೆ ಮೊದಲೇ ಮುಗಿಯಲಿ. ಪ್ರವೇಶದ ಕೊನೆಯ ದಿನ ಕಳೆದ ಮೇಲೆ ಬರುವ ಹಣದಿಂದ ಆ ವರ್ಷ ಯಾರೂ ಕಾಲೇಜು ಸೇರಲಾರರು.